ಹಲ್ಲಿನಲ್ಲಿ ದಾರ

ಐಬ್ರೋ ಮಾಡುವಾಗ ದಾರದ ಒಂದು ತುದಿ ನನ್ನ ಹಲ್ಲಿನಲ್ಲಿರುತ್ತದೆ, ಹಾಗಾಗಿ ಮಾತಾಡುವಂತಿಲ್ಲ. ನನಗೂ ಅದೇ ಅನುಕೂಲ.

ಅವತ್ತು ಕುರ್ಚಿಗೆ ಒರಗಿದ್ದವರು ಜನರಿಂದ ಹೂಡಿಕೆ ಮಾಡಿಸುವ ಮೇಡಂ. ಸ್ವಂತ ಪಾರ್ಲರ್ ಇಡಬೇಕೆಂದು ನಾನು ಆರು ವರ್ಷ ಕೂಡಿಟ್ಟ ಒಂದು ಲಕ್ಷವನ್ನು ತಮ್ಮ ಫಂಡಿಗೆ ಹಾಕಿಸಲು ಫಾರಂ ತುಂಬಿಸಿ ತಂದಿದ್ದರು. ಹುಬ್ಬು ಮುಗಿದ ಮೇಲೆ ನಾನು ಸಹಿ ಹಾಕುವುದಷ್ಟೇ ಬಾಕಿ.

"ನಿಂಗ್ಯಾರೋ ಇಂಡೆಕ್ಸ್ ಫಂಡ್ ಅಂತ ತಲೆ ಕೆಡಿಸಿದ್ರಂತಲ್ಲ? ಅದ್ರಲ್ಲೇನಿದೆ ಹೇಳು! ದೇಶದ ಐವತ್ತು ದೊಡ್ಡ ಕಂಪನಿಗಳ ಷೇರು ಕಣ್ಮುಚ್ಚಿ ತಗೊಂಡಿಡ್ತಾರೆ. ಅವು ಬೆಳೆದಷ್ಟೇ ನಿನ್ ದುಡ್ಡೂ ಬೆಳೆಯುತ್ತೆ, ಬಿದ್ರೆ ಅದೂ ಬೀಳುತ್ತೆ. ಡಿವಿಡೆಂಡ್ ಅಂತ ಲಾಭದ ಪಾಲು ಬಂದ್ರೂ ಕೈಗೆ ಕೊಡಲ್ಲ, ಅಲ್ಲೇ ಸೇರಿಸ್ತಾರೆ."

"ಹ್ಞೂಂ," ಎಂದೆ, ಹಲ್ಲು ಬಿಡದೆ.

"ನೋಡ್ಕೊಳ್ಳೋದಕ್ಕೆ ವರ್ಷಕ್ಕೆ ನೂರು ರೂಪಾಯಿಗೆ ಇಪ್ಪತ್ತೇ ಪೈಸೆ ತಗೋತಾರೆ. ಅಷ್ಟಕ್ಕೆ ಯಾರು ತಲೆ ಓಡಿಸ್ತಾರೆ? ನಮ್ದು ಎರಡು ರೂಪಾಯಿ, ಆದ್ರೆ ಒಳ್ಳೊಳ್ಳೆ ಕಂಪನಿ ಆರಿಸೋಕೆ ಬುದ್ಧಿವಂತರೇ ಕೂತಿದಾರೆ. ಅಯ್ಯೋ, ಮೆತ್ತಗೆ ಕಣೇ!"

"ಹ್ಞೂಂ."

ಕನ್ನಡಿಯ ಕೆಳಗಿಟ್ಟಿದ್ದ ಅವರ ಫೋನು ಟಿಣ್ ಎಂದಿತು. ಮೇಡಂ ಕಣ್ಣು ಮುಚ್ಚಿ, ಎರಡೂ ಕೈಯಿಂದ ಹುಬ್ಬಿನ ಚರ್ಮ ಎಳೆದು ಹಿಡಿದಿದ್ದರು.

"ಏನ್ ಮೆಸೇಜು ಅಂತ ಸ್ವಲ್ಪ ಓದಮ್ಮ."

ಹಲ್ಲಿನಿಂದ ದಾರ ತೆಗೆದು, ಅಕ್ಷರ ಕೂಡಿಸಿಕೊಂಡು ಓದಿದೆ.

"ನಿಮ್ಮ ಇಂಡೆಕ್ಸ್ ಫಂಡಿಗೆ ಈ ತಿಂಗಳ ಕಂತು ಹತ್ತು ಸಾವಿರ ಜಮಾ ಆಯ್ತಂತೆ, ಮೇಡಂ."