ಹೆಡ್ಡಿಗೆ ತಕ್ಕ ಕ್ಯಾಮ್

ಅಮೃತೇಶ್ ಟವೆಲ್ಲಿನಲ್ಲಿ ಸುತ್ತಿ ತಂದ ಸಿಲಿಂಡರ್ ಹೆಡ್ಡನ್ನು ಬೆಂಚಿನ ಮೇಲಿಟ್ಟಾಗ ಮೆಕ್ಯಾನಿಕ್ ರವಿಕುಮಾರ್ ಮೊದಲು ಮಾಡಿದ್ದು, ಕೈಲಿದ್ದ ಸ್ಪ್ಯಾನರನ್ನು ದೂರ ಇಟ್ಟದ್ದು. ಹತ್ತಿರವಿದ್ದರೆ ಅದು ಬೇರೆ ಕೆಲಸಕ್ಕೆ ಬಳಕೆಯಾಗುವ ಸಾಧ್ಯತೆಯಿತ್ತು.

“ಫಾರಿನ್ ಮಾಲು ಕಣ್ಲಾ. ಕಂಪನಿ ಹೆಡ್ಡು ಇದರ ಮುಂದೆ ಇಡ್ಲಿ ತಟ್ಟೆ. ಇದಕ್ಕೊಂದು ಕ್ಯಾಮ್ ಆರಿಸು. ಇರೋದ್ರಲ್ಲೇ ದೊಡ್ಡದು.”

“ಬನ್ನೂರು ರೇಸ್‌ಗಾ ಸಾ?”

“ಇನ್ಯಾತಕ್ಕೆ, ಮದುವೆ ಮೆರವಣಿಗೆಗಾ? ಮೇಲ್ಗಡೆ ಮಾತ್ರ ಕಂಪನಿ ಕವರೇ ಕೂರ್ಸು.”

ಬನ್ನೂರಿನಾಚೆ ಕೊಯ್ಲಾದ ಗದ್ದೆ ಬಯಲಿನಲ್ಲಿ ವರ್ಷಕ್ಕೊಮ್ಮೆ ಬೈಕುಗಳ ಮಣ್ಣಿನ ರೇಸ್ ನಡೆಯುತ್ತದೆ. ಕಂಪನಿಯಿಂದ ಬಂದಂತೆಯೇ ಇರುವ ಬೈಕುಗಳಿಗೆ ಮಾತ್ರ ಎಂಬುದು ಅಲ್ಲಿನ ನಿಯಮ. ಹೋದ ಸಲ ಅಲ್ಲಿ ಗೆದ್ದವನು ರವಿಕುಮಾರನ ತಮ್ಮ ಮಹದೇವ. ಎರಡನೆಯವನಾಗಿ ಬಂದ ಅಮೃತೇಶ್ ಕೈಯೆತ್ತಿದ್ದ. “ನಂಜನಗೂಡಿನ ಆ ಬೀದಿಯೋನಿಗೆ ಇಷ್ಟು ಸ್ಪೀಡು ಎಲ್ಲಿಂದ ಬಂತು? ಒಳಗೆ ಏನೋ ತುಂಬವ್ನೆ. ಬಿಚ್ಸಿ.”

ರೇಸ್ ಮುಗಿಸಿದವರು ಯಾರೇ ಕೇಳಲಿ, ಗೆದ್ದವನ ಎಂಜಿನ್ ಬಿಚ್ಚಬೇಕು. ಬಿಚ್ಚಿದರು. ಧೂಳಿನಲ್ಲಿ, ಊರಿನ ಮುಂದೆ, ಕೋಳಿಯ ಪುಕ್ಕ ತರಿದ ಹಾಗೆ. ಒಳಗಿದ್ದುದೆಲ್ಲ ಕಂಪನಿಯದೇ. ಬಹುಮಾನದ ಕಪ್ಪು ಮಹದೇವನಿಗೇ ಸಿಕ್ಕಿತು. “ಸುಮ್ನೆ ನೋಡ್ದೆ ಬುಡ್ಲಾ,” ಎಂದು ಅಮೃತೇಶ್ ನಗುತ್ತಾ ಹೊರಟುಹೋದ. ಮಹದೇವ ತನ್ನ ಎಂಜಿನ್ನನ್ನು ಗೋಣಿಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿದ. ಕಪ್ಪನ್ನು ಬಸ್ಸಿನಲ್ಲೇ ಮರೆತನೋ, ಬಿಟ್ಟನೋ, ಯಾರೂ ಕೇಳಲಿಲ್ಲ. ‘ಬಿಚ್ಸಿಕೊಂಡೋನು’ ಎಂಬ ಹೆಸರು ಮಾತ್ರ ಮನೆ ತನಕ ಜೊತೆಗೆ ಬಂತು.

ಇದೆಲ್ಲ ಅಮೃತೇಶನಿಗೆ ನೆನಪಿದ್ದಂತಿರಲಿಲ್ಲ. ತಿ. ನರಸೀಪುರದಲ್ಲಿ ಅವನ ತಂದೆಯ ಕಲ್ಯಾಣ ಮಂಟಪವಿತ್ತು; ರೇಸಿನ ಶಾಮಿಯಾನ ಪ್ರತಿವರ್ಷ ಅಲ್ಲಿಂದಲೇ ಬರುತ್ತಿತ್ತು. ಶಾಮಿಯಾನ ಕೊಡುವವರ ನೆನಪು ಸಾಮಾನ್ಯವಾಗಿ ಅಷ್ಟು ಚುರುಕಿರುವುದಿಲ್ಲ.

ಅವನು ಹೋದ ಮೇಲೆ ರವಿಕುಮಾರನ ಹೆಂಡತಿ ಇಂದ್ರಾಣಿ ಒಳಗಿನಿಂದ ಬಂದಳು. ವರ್ಷಗಟ್ಟಲೆ ಈ ಅಂಗಡಿಯ ಮಾತು ಕೇಳಿ ಅವಳಿಗೂ ಎಂಜಿನ್ನಿನ ಗುಣ ಗೊತ್ತು. ಹೆಡ್ಡು ಎಂಜಿನ್ನಿನ ಮೂಗು; ಅದರ ವಾಲ್ವುಗಳು ಎಷ್ಟು ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎನ್ನುವುದನ್ನು ನಿರ್ಧರಿಸುವುದು ಕ್ಯಾಮ್. ತೀರ ದೊಡ್ಡದು ಹಾಕಿದರೆ ಎಂಜಿನ್ ಕಿರುಚುವಾಗ ಮಾತ್ರ ಕಸುವು. ತಿರುವಿನಲ್ಲಿ ನಿಧಾನಿಸಿದರೆ ಉಸಿರು ಕಟ್ಟುತ್ತದೆ. ಬನ್ನೂರಿನ ಬಯಲಲ್ಲಿ ತಿರುವುಗಳೇ ಹೆಚ್ಚು.

“ಅಲ್ಲಾ ಕಣ್ರೀ, ದೊಡ್ಡದು ಆಕು ಅಂತ ಅವನ ಬಾಯಲ್ಲೇ ಬಂದದೆ. ಆಕ್ಬುಡಿ. ತಿರುವಲ್ಲಿ ಮುಕ್ಕರಿಸ್ಕಂಡು ನಿಂತ್ಕಳ್ಲಿ.”

“ನಿಂತ್ಕತದೆ. ಆಮೇಲೆ?”

“ಆಮೇಲೇನು? ಸೋಲ್ತಾನೆ.”

“ಸೋತೋರು ಮನೆಗೋಗಿ ಉಣ್ಕಂಡು ಮನೀಕತಾರೆ,” ಎಂದ ರವಿಕುಮಾರ್.

ಮರುದಿನ ಅವನು ಹೆಡ್ಡಿನ ಒಂದು ಬಾಯಿಗೆ ಕಸ ಹೀರುವ ಮೆಷಿನ್ನು ಕಟ್ಟಿದ. ಗಾಳಿಯ ಸೆಳೆತ ಅಳೆಯಲು ಅದಕ್ಕೆ ಗಾರೆಯವರ ನೀರ್ಮಟ್ಟದ ಪೈಪು ಜೋಡಿಸಿದ. ವಾಲ್ವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಒತ್ತುತ್ತ, ಗಾಳಿ ಎಲ್ಲಿಯವರೆಗೆ ಹೆಚ್ಚು ನುಗ್ಗುತ್ತದೆಂದು ಪೈಪಿನ ನೀರು ನೋಡಿಕೊಂಡೇ ಲೆಕ್ಕ ಹಾಕಿದ. ಒಂದು ಹಂತದಾಚೆ ನೀರು ಅಲುಗಲಿಲ್ಲ. ಅದಕ್ಕಿಂತ ಎತ್ತುವ ಕ್ಯಾಮ್ ಆ ಹೆಡ್ಡಿಗೆ ಬರೀ ಜಂಭ. ತನ್ನ ಮಗುವಿಗೆ ಬಟ್ಟೆ ಅಳತೆ ತೆಗೆಯುವವನಷ್ಟು ಅಕ್ಕರೆಯಿಂದ ಅವನು ಇದನ್ನೆಲ್ಲ ಮಾಡಿದ್ದನ್ನು ಕಂಡು ಇಂದ್ರಾಣಿಗೆ ಮೈ ಉರಿಯಿತು. ಆದರೆ ಸಂಜೆ ನೋಡಿದರೆ ಬೆಂಚಿನ ಮೇಲಿದ್ದ ದೊಡ್ಡ ಕ್ಯಾಮ್ ಇರಲಿಲ್ಲ; ಹೆಡ್ಡಿಗೇ ಹೋಗಿರಬೇಕು. ಅಂದು ಮುದ್ದೆಗೆ ತುಪ್ಪ ಜಾಸ್ತಿಯೇ ಬಿತ್ತು.

ಮಹದೇವನೂ ಮೂಲೆಯ ಟಾರ್ಪಾಲು ಸರಿಸಿ ಹಳೇ ಬೈಕು ಎಳೆದ. ಬಿಚ್ಚಿಸಿಕೊಂಡ ಮೇಲೆ ಅದು ಮೊದಲಿನಂತಿರಲಿಲ್ಲ.

“ಇದು ಗೆದ್ದದಾ ಅಣ್ಣಾ?”

“ರೇಸ್ ಮುಗಿಸ್ಲಿ, ಸಾಕು.”

ಭಾನುವಾರ ಬಾವುಟ ಇಳಿಯಿತು. ಮೊದಲ ತಿರುವಿನಲ್ಲಿ ಅಮೃತೇಶನ ಬೈಕು ನಿಧಾನಿಸಿತು. ಇಂದ್ರಾಣಿ ಉಸಿರು ಹಿಡಿದಳು. ಬೈಕು ಮುಕ್ಕರಿಸಲಿಲ್ಲ, ಕಟ್ಟು ಬಿಚ್ಚಿದ ಹೋರಿಯಂತೆ ಚಿಮ್ಮಿತು. ಎರಡನೆಯ ತಿರುವಿನಲ್ಲೂ ಅದೇ. ಮೂರನೆಯ ತಿರುವಿನ ಹೊತ್ತಿಗೆ ಅವನ ಧೂಳು ಮಾತ್ರ ಉಳಿದವರ ಪಾಲಿಗೆ. ಮಹದೇವ ಎಲ್ಲರಿಗಿಂತ ಹಿಂದೆ, ಕೆಮ್ಮುವ ಬೈಕನ್ನು ಸಂತೈಸುತ್ತಿದ್ದ.

“ದೊಡ್ಡ ಕ್ಯಾಮ್ ಏನ್ಮಾಡುದ್ರಿ?” ಇಂದ್ರಾಣಿ ಹಲ್ಲು ಕಡಿದಳು.

“ಕೋಳಿಗೂಡಿನ ಬಾಗಿಲಿಗೆ ಒತ್ತು ಕೊಟ್ಟಿವ್ನಿ.”

“ಒಡಹುಟ್ಟಿದೋನ ಮಾನ ಕಳ್ದೋನಿಗೆ ಗೆದ್ದುಕೊಟ್ರಲ್ಲಾ! ನಿಮ್ ಕೈಗೆ…” ಉಳಿದದ್ದು ತಮಟೆಯ ಸದ್ದಿನಲ್ಲಿ ಕೇಳಲಿಲ್ಲ.

ಅಮೃತೇಶನನ್ನು ಹೆಗಲ ಮೇಲೆ ಎತ್ತಿಕೊಂಡರು. ಜೀವಮಾನದಲ್ಲಿ ಮೊದಲ ಸಲ ಗೆದ್ದಿದ್ದ ಅವನು ಹಾರದೊಳಗಿಂದಲೇ ಕೂಗಿದ: “ಲೇ ರವಿ, ನಿನ್ ಕೈಗೆ ಬಂಗಾರದ ಕಡಗ ಹಾಕ್ಬೇಕು ಕಣ್ಲಾ!”

ರವಿಕುಮಾರ್ ಕೈಮುಗಿದ. ಆಮೇಲೆ ಬಗ್ಗಿ, ಚೀಲದಿಂದ ಸ್ಪ್ಯಾನರ್ ತೆಗೆದು ಒರೆಸತೊಡಗಿದ.

ಮೈಕಿನ ಮುಂದೆ ರೇಸ್ ನಡೆಸುವ ಗಂಗಾಧರಸ್ವಾಮಿಯವರು ಕಪ್ಪು ಹಿಡಿದು, ಪದ್ಧತಿಯ ಪ್ರಕಾರ, ಶಾಮಿಯಾನದ ಕಡೆ ಮುಗುಳ್ನಕ್ಕು ಕೇಳಿದರು: “ಯಾರ್ದಾರ ತಕರಾರು ಅದಾ?”

ಆಗಷ್ಟೇ ಗೆರೆ ದಾಟಿ, ಕೊನೆಯವನಾಗಿ ರೇಸ್ ಮುಗಿಸಿದ ಮಹದೇವ ಹೆಲ್ಮೆಟ್ ತೆಗೆದು ಕೈಯೆತ್ತಿದ: “ಬಿಚ್ಸಿ ಸಾ, ಸುಮ್ನೆ ನೋಡುಮ.”