ಪ್ರಮೀಳಾ ಮೇಡಂ ಬೀಳ್ಕೊಡುಗೆ

ಗುರುತಿನವರೊಬ್ಬರನ್ನು ಇನ್ನೊಬ್ಬರಿಗೆ ಪರಿಚಯಿಸಿದರೆ, ಆ ಗುರುತಿನವರು ನಮಗೆ, ನಾವು ಅವರಿಗೆ ಅಂದೇ ಅಪರಿಚಿತರು. ಅದು ಲೋಕನಿಯಮ. ಹಾಗಿದ್ದೂ ಪ್ರಮೀಳಾ ಮೇಡಂ ತಮ್ಮ ಕೈಕೆಳಗೆ ಪಳಗಿದ ಹೇಮಲತಾಳಿಗೆ ಒಬ್ಬೊಬ್ಬರನ್ನೇ ಪರಿಚಯಿಸುತ್ತ, ಎಚ್.ಆರ್. ಮುಖ್ಯಸ್ಥೆಯ ಕುರ್ಚಿಯವರೆಗೆ ತಂದು ಕೂರಿಸಿದ್ದರು.

ಇಂದು ಮೇಡಂ ನಿವೃತ್ತಿ. ಹೇಮಲತಾ ಕರೆದಳೆಂದು ಸಭಾಂಗಣ ತುಂಬಿತ್ತು. ಬಂದವರೆಲ್ಲ ವೇದಿಕೆಯತ್ತ ನೋಡಿ, "ಹಾರ ಹಾಕ್ಕೊಂಡು ಕೂತಿರೋರು ಯಾರು?" ಎಂದು ಅವಳನ್ನೇ ಕೇಳಿದರು.

ಕಾಫಿ ಹೊತ್ತಿಗೆ ಮೇಡಂ ಅವಳ ಕೈ ಹಿಡಿದುಕೊಂಡರು. "ಎಷ್ಟೊಂದು ಜನ ಸಂಪಾದಿಸಿದೀಯಮ್ಮ! ನನಗ್ಯಾರೂ ಉಳಿದಿಲ್ಲ ನೋಡು. ನಾಳೆಯಿಂದ ಮಾತಿಗೆ ಅಂತ ಒಬ್ಬರನ್ನಾದ್ರೂ ಪರಿಚಯ ಮಾಡಿಕೊಡು."

ಹೇಮಲತಾ ತುಂಬಿದ ಸಭೆಯನ್ನೊಮ್ಮೆ ನೋಡಿದಳು. ಒಬ್ಬರನ್ನೂ ಬಿಟ್ಟುಕೊಡಲು ಮನಸ್ಸಾಗಲಿಲ್ಲ.

"ಕಾಫಿ ಆರಿಹೋಗುತ್ತೆ, ಕುಡೀರಿ ಮೇಡಂ," ಎಂದಳು.