ಮಹಡಿಯಿಂದ ಬಿದ್ದ ಮೂಳೆ

"ಈ ನಾಯಿಗೆ ಕೋಳಿ ಮಾಂಸ ಒಗ್ಗೋದಿಲ್ಲ," ಎಂದರು ಡಾಕ್ಟರು, ಕೂದಲುದುರಿ ಕೆಂಪಾದ ಬೆನ್ನು ನೋಡಿ. "ಒಂದು ಚೂರೂ ಹಾಕಬೇಡಿ."

ಮನೆಯೊಡತಿ ಬೆಚ್ಚಿದಳು. ಮೊಟ್ಟೆ ಕೂಡ ಹೊಸಿಲು ದಾಟದ ಮನೆ ಅವಳದು. ಮಹಡಿಯಲ್ಲಿ ಬಾಡಿಗೆಗಿದ್ದವಳು ಮಾತ್ರ ಭಾನುವಾರ ಕಿಟಕಿ ಮುಚ್ಚಿ ಅಡುಗೆ ಮಾಡುತ್ತಿದ್ದಳು.

"ಮೂಳೆ ಎಸೆದಿದ್ದು ನೀನೇ ತಾನೆ?" ಮನೆಗೆ ಬಂದವಳೇ ಮನೆಯೊಡತಿ ಮಹಡಿ ಹತ್ತಿ ಕೇಳಿದಳು.

"ನನ್ನ ಮಗಳಾಣೆ ಆಂಟಿ, ಇಲ್ಲ. ಅದು ಮೈ ಕೆರ್ಕೊಳ್ಳೋದು ನೋಡಿ ನಂಗೇ ಸಂಕಟ ಆಗ್ತಿತ್ತು."

"ನಾಟಕ ಸಾಕು. ಬೇರೆ ಮನೆ ನೋಡ್ಕೋ."

"ಮಗಳ ಪರೀಕ್ಷೆ ಮುಗಿಯೋವರೆಗಾದ್ರೂ..."

"ಅಲ್ಲೀವರೆಗೆ ನನ್ನ ನಾಯಿ ಬದುಕಿರುತ್ತಾ?"

ಆ ವಾರವೇ ಮಹಡಿ ಖಾಲಿಯಾಯಿತು. ನಾಯಿಯ ತುರಿಕೆ ಮಾತ್ರ ಹೆಚ್ಚಿತು. ಕೆರೆದು ಕೆರೆದು ಕಿವಿಯಲ್ಲಿ ರಕ್ತ ಬಂತು. ಮನೆಯೊಡತಿ ಮತ್ತೆ ಡಾಕ್ಟರ ಬಳಿ ಓಡಿದಳು.

"ಇದಕ್ಕೆ ಏನು ತಿನ್ನಿಸ್ತೀರಿ?"

"ಮೊದಲಿಂದಲೂ ಇದೊಂದೇ ಡಾಕ್ಟ್ರೇ. ಅಂಗಡೀಲಿ ಇರೋದ್ರಲ್ಲೇ ಒಳ್ಳೇದು. ನಾನೇ ಕೈಯಾರೆ ಮೊಸರಲ್ಲಿ ಕಲಸಿ ಹಾಕ್ತೀನಿ," ಎಂದು ಅವಳು ಚೀಲದಿಂದ ಪೊಟ್ಟಣ ತೆಗೆದಳು. ಅದರ ಮೇಲೆ ಕ್ಯಾರೆಟ್ಟು, ಬಟಾಣಿಯ ಚಿತ್ರವಿತ್ತು.

ಡಾಕ್ಟರು ಪೊಟ್ಟಣವನ್ನು ತಿರುಗಿಸಿ ಹಿಂಬದಿ ಓದಿದರು.

"ಅಮ್ಮಾ, ಇದರಲ್ಲಿ ಹೆಚ್ಚಿಗೆ ಇರೋದೇ ಕೋಳಿ."